ನಿದ್ರೆಗೆ ಸಾಕ್ಷಿ ಯಾರು?

ಗೊರಕೆಯನ್ನು ಕುರಿತು ನಮ್ಮ ಜನ ಆಡುವ ಮಾತಿನಲ್ಲಿ ಹಾಸ್ಯದ ಪಾಲೇ ದೊಡ್ಡದು. ಗೊರಕೆ ಹೊಡೆಯುವವನು ಪುಣ್ಯವಂತ, ಅವನಿಗೆ ಚಿಂತೆಯಿಲ್ಲ, ಅದರಿಂದಲೇ ಅಷ್ಟು ಗಾಢವಾದ ನಿದ್ರೆ ಎಂಬುದು ಲೋಕದ ನಂಬಿಕೆ. ಕುಂಭಕರ್ಣನ ಹೆಸರಂತೂ ನಾಲಗೆಯ ತುದಿಯಲ್ಲಿಯೇ ಇದೆ. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಅವನನ್ನು ಎಬ್ಬಿಸಹೋದ ರಾಕ್ಷಸರು ಅವನ ಉಸಿರಿನ ಗಾಳಿಗೆ ಎದುರು ನಿಲ್ಲಲಾರದೆ ತತ್ತರಿಸಿದರು. ಇಂದ್ರಾಸನವನ್ನು ಬೇಡಹೋಗಿ, ನಾಲಗೆ ತೊಡರಿ, ನಿದ್ರಾಸನವನ್ನು ಬೇಡಿದನೆಂಬ ಜನಪ್ರಿಯ ಕತೆಯನ್ನು ಕೇಳಿ ನಗದವರಿಲ್ಲ. ಆದರೆ ಅಷ್ಟೊಂದು ನಿದ್ರಿಸಿದವನು ದಣಿವಾರಿಸಿಕೊಂಡು ಎದ್ದನೆ ಎಂದು ಯಾರೂ ಕೇಳಿದಂತಿಲ್ಲ. ಆ ಪ್ರಶ್ನೆಯನ್ನು ಕೇಳಬೇಕಾದ ಸಂದರ್ಭ ಕಳೆದ ವರ್ಷ ನನಗೆ ಒದಗಿತು.

ರಾತ್ರಿ ಹತ್ತಕ್ಕೆ ಮಲಗಿ ಬೆಳಗ್ಗೆ ಆರಕ್ಕೆ ಎದ್ದರೂ ಮೈಯಲ್ಲಿ ಇಡೀ ರಾತ್ರಿ ಪಯಣ ಮಾಡಿದವನ ಆಯಾಸ. ಹಣೆಯಲ್ಲಿ ಭಾರ. ಮಧ್ಯಾಹ್ನ ಹಳಗನ್ನಡದ ತರಗತಿಯಲ್ಲಿ ಪದ್ಯವನ್ನು ಓದಿ ಅನ್ವಯ ಹೇಳುವಷ್ಟರಲ್ಲಿ ಕರ್ತೃಪದ ಎಲ್ಲಿತ್ತೆಂಬುದೇ ಮರೆಯುತ್ತಿತ್ತು. ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯ ಗೆರೆ ತಾನಾಗಿಯೇ ಕೆಳಗೆ ಜಾರಿರುತ್ತಿತ್ತು. ವಯಸ್ಸು ನಲವತ್ತಾರು, ಇದು ಮುಪ್ಪೆನ್ನುವಂತಿಲ್ಲ. ವೈದ್ಯರು ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಿದವಳು ನನ್ನ ಮಡದಿ. “ಇವರು ಗೊರಕೆ ಹೊಡೆದರೆ ನನಗೆ ಯೋಚನೆಯಿಲ್ಲ ಡಾಕ್ಟ್ರೆ, ಅದು ನಿಂತಾಗಲೇ ನನ್ನ ಕೈಕಾಲು ತಣ್ಣಗಾಗುವುದು” ಎಂದಳು. ಗೊರಕೆ ನಿಂತ ಮೇಲೆ ಅವಳು ಕತ್ತಲಲ್ಲಿ ಎಣಿಸುತ್ತಿದ್ದಳಂತೆ: ಹತ್ತು, ಇಪ್ಪತ್ತು, ಒಮ್ಮೊಮ್ಮೆ ಮೂವತ್ತು. ಆಮೇಲೆ ಮುಳುಗಿದವನು ಮೇಲೆದ್ದಂತೆ ಒಂದು ದೊಡ್ಡ ಉಸಿರು. ಇದಾವುದೂ ನನಗೆ ಗೊತ್ತಿರಲಿಲ್ಲ, ಗೊತ್ತಾಗುವಂತೆಯೂ ಇರಲಿಲ್ಲ. ಮಲಗಿದವನು ತನ್ನ ನಿದ್ರೆಗೆ ತಾನೇ ಸಾಕ್ಷಿಯಾಗಲಾರ.

ತಲೆಗೆ ತಂತಿಗಳನ್ನು ಅಂಟಿಸಿ, ಎದೆಗೂ ಹೊಟ್ಟೆಗೂ ಪಟ್ಟಿ ಬಿಗಿದು, ಬೆರಳಿಗೆ ಚಿಮ್ಮಟ ಸಿಕ್ಕಿಸಿ ಒಂದು ರಾತ್ರಿ ಪರೀಕ್ಷಿಸಿದರು. ಗಂಟೆಗೆ 38 ಸಲ ನನ್ನ ಉಸಿರು ನಿಲ್ಲುತ್ತಿತ್ತು, ಇಲ್ಲವೆ ತೀರ ಕ್ಷೀಣಿಸುತ್ತಿತ್ತು. ಐದಕ್ಕಿಂತ ಕಡಮೆಯಿದ್ದರೆ ಸಹಜ, ಮೂವತ್ತನ್ನು ಮೀರಿದರೆ ತೀವ್ರ ಎಂದು ಲೆಕ್ಕ. ರೋಗದ ಹೆಸರು ಸ್ಲೀಪ್ ಆಪ್ನಿಯ. ‘ಆಪ್ನಿಯ’ ಗ್ರೀಕ್ ಮೂಲದ ಮಾತು. ಅದರ ಮೊದಲಲ್ಲಿರುವ ‘ಅ’ಕಾರವು ನಮ್ಮ ‘ಅಶಾಂತಿ’, ‘ಅಸಾಧ್ಯ’ಗಳಲ್ಲಿರುವ ನಿಷೇಧಾರ್ಥಕ ‘ಅ’ಕಾರದ ಒಡಹುಟ್ಟು. ಉಸಿರಿಲ್ಲದಿರುವಿಕೆ ಎಂದು ಅರ್ಥ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ನಾಲಗೆಯ ಬುಡವೂ ಮೃದುವಾದ ಅಂಗುಳೂ ಹಿಂದಕ್ಕೆ ಕುಸಿದು ದಾರಿಯನ್ನೇ ಮುಚ್ಚುತ್ತವೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಬಾರದು. ರಕ್ತದಲ್ಲಿ ಆಮ್ಲಜನಕ ತಗ್ಗಿದಾಗ ಮಿದುಳು ಬೆಚ್ಚಿ ಎಚ್ಚರಿಸುತ್ತದೆ. ಉಸಿರು ಬಂದೊಡನೆ ಮತ್ತೆ ಜೊಂಪು, ಮತ್ತೆ ಕುಸಿತ. ಬೆಳಗ್ಗೆ ಒಂದೂ ನೆನಪಿರದು. ಯೋಗಿಗಳು ಬಯಸಿ ಸಾಧಿಸುವ ಕುಂಭಕವು ಇಲ್ಲಿ ಬಯಸದವನ ಮೇಲೆ ಬಂದೆರಗುತ್ತದೆ. ಹಾಗೆಯೇ ಬಿಟ್ಟರೆ ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯುಗಳ ಭಯ ಹೆಚ್ಚುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಸ್ವಾರಸ್ಯವೆನಿಸುವ ಸಂಗತಿಯೊಂದುಂಟು. ಡಿಕನ್ಸನು 1836-37ರಲ್ಲಿ ಪ್ರಕಟಿಸಿದ ಪಿಕ್‌ವಿಕ್ ಪೇಪರ್ಸ್ ಕಾದಂಬರಿಯಲ್ಲಿ ಜೋ ಎಂಬ ದಪ್ಪ ಹುಡುಗನಿದ್ದಾನೆ. ನಿಂತಲ್ಲಿ ಕುಳಿತಲ್ಲಿ ನಿದ್ರಿಸುವವನು. ಓದುಗರು ನಕ್ಕರು. 1956ರಲ್ಲಿ ಅಮೆರಿಕದ ವೈದ್ಯರು ಇದೇ ಬಳಗದ ಒಂದು ವ್ಯಾಧಿಗೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ನಗೆಯ ವಸ್ತು ರೋಗವೆನಿಸಲು ನೂರಿಪ್ಪತ್ತು ವರ್ಷ ಹಿಡಿಯಿತು. ಆಮೇಲೂ ಬಹುಕಾಲ, ರೋಗ ತೀವ್ರವಾದವರಿಗೆ ಕುತ್ತಿಗೆಯಲ್ಲಿ ರಂಧ್ರ ಕೊರೆದು ಉಸಿರಾಡಿಸುವುದೇ ಖಚಿತವಾದ ಚಿಕಿತ್ಸೆಯಾಗಿತ್ತು. 1981ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ಕಾಲಿನ್ ಸುಲಿವನ್ ಮತ್ತು ಅವರ ಸಂಗಡಿಗರು ಬೇರೊಂದು ದಾರಿಯನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಿಳಿಸಿದರು. ಮೂಗಿನ ಮೂಲಕ ಎಡೆಬಿಡದೆ ಗಾಳಿಯನ್ನು ಊದಿ ಗಂಟಲನ್ನು ತೆರೆದಿಡುವುದೇ ಆ ದಾರಿ. ಐವರು ರೋಗಿಗಳಲ್ಲಿ ಅದು ಫಲಿಸಿತ್ತು. ಆರಂಭದ ಯಂತ್ರಗಳಲ್ಲಿ ಧೂಳು ಹೀರುವ ಯಂತ್ರದ ಮೋಟಾರನ್ನು ಹಿಂದುಮುಂದಾಗಿಸಿ ಬಳಸಿದ್ದರು. ಮಾಸ್ಕನ್ನು ಪ್ರತಿ ರಾತ್ರಿ ಮೂಗಿಗೆ ಅಂಟಿಸಬೇಕಾಗಿತ್ತು. ಇಂದಿನ ಸಿ-ಪ್ಯಾಪ್ ಯಂತ್ರ ಅದರ ಸಂತತಿ.

ನನಗೆ ಗೊತ್ತುಮಾಡಿದ ಒತ್ತಡ ನೀರಿನ ಅಳತೆಯಲ್ಲಿ 9 ಸೆಂಟಿಮೀಟರು. ಎಳನೀರಿನ ಕೊಳವೆಯನ್ನು ಅಷ್ಟು ಆಳಕ್ಕೆ ಅದ್ದಿ ಊದಿದರೆ ಗುಳ್ಳೆ ಏಳಲು ಎಷ್ಟು ಬಲ ಬೇಕೋ ಅಷ್ಟು. ವಾಯುಮಂಡಲದ ಒತ್ತಡದ ನೂರನೆಯ ಒಂದು ಪಾಲೂ ಅಲ್ಲ. ಆದರೆ ಮೊದಲ ರಾತ್ರಿ ಅದು ಚಂಡಮಾರುತವಾಗಿ ಕಂಡಿತು. ಓಡುವ ಬಸ್ಸಿನ ಕಿಟಕಿಗೆ ಮುಖವೊಡ್ಡಿದಂತೆ. ಉಸಿರನ್ನು ಒಳಗೆಳೆಯುವುದು ಸುಲಭ, ಹೊರಬಿಡುವುದು ಕಷ್ಟ. ಗಾಳಿ ಬೇಕಾದಷ್ಟಿದ್ದರೂ ಮನಸ್ಸು ಉಸಿರುಗಟ್ಟಿತೆಂದೇ ಕೂಗುತ್ತಿತ್ತು. ನಲವತ್ತು ನಿಮಿಷಕ್ಕೆ ಮಾಸ್ಕು ದಿಂಬಿನ ಪಕ್ಕಕ್ಕೆ ಬಂತು.

ವೈದ್ಯರು ಸಮಾಧಾನವಾಗಿ, “ಮೊದಲು ಎಚ್ಚರದಲ್ಲಿ ಸ್ನೇಹ ಬೆಳೆಯಲಿ ಮೇಷ್ಟ್ರೆ, ನಿದ್ರೆಯ ಮಾತು ಆಮೇಲೆ” ಎಂದರು. ಅದರಂತೆ ಸಂಜೆ ಅರ್ಧ ಗಂಟೆ ಮಾಸ್ಕು ತೊಟ್ಟು ಕುರ್ಚಿಯಲ್ಲಿ ಕುಳಿತು ಓದತೊಡಗಿದೆ. ಮೂಗಿನಿಂದ ಇಳಿಬಿದ್ದ ಕೊಳವೆಯನ್ನು ಕಂಡು ಮಗಳು, “ಅಮ್ಮಾ, ಅಪ್ಪ ಗಣಪತಿಯಾದರು” ಎಂದು ಕೂಗಿದಳು. ಒತ್ತಡವನ್ನು 4ರಿಂದ ಮೊದಲುಮಾಡಿ ಇಪ್ಪತ್ತು ನಿಮಿಷಗಳಲ್ಲಿ 9ಕ್ಕೆ ಏರಿಸುವ ಸೌಕರ್ಯ ಯಂತ್ರದಲ್ಲಿಯೇ ಇತ್ತು. ಕೆನ್ನೆಯ ಬದಿಯಿಂದ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತದೆಂದು ಪಟ್ಟಿ ಬಿಗಿದರೆ ಸೋರಿಕೆ ಇನ್ನೂ ಹೆಚ್ಚುತ್ತದೆ, ಮೂಗಿನ ಮೇಲೆ ಕೆಂಪು ಗೆರೆ ಏಳುತ್ತದೆ. ಮಲಗಿ, ಗಾಳಿ ಬರುತ್ತಿರುವಾಗಲೇ, ತುಸು ಸಡಿಲಿಸಿ ಹೊಂದಿಸಬೇಕು. ಬಾಯಿ ತೆರೆದರೆ ಗಾಳಿಯೆಲ್ಲ ಅಲ್ಲಿಂದಲೇ ಹೊರಗೆ. ಗಂಟಲು ಒಣಗಿ ಬೆಂಡು. ಅದಕ್ಕೆ ಯಂತ್ರದ ಪುಟ್ಟ ತೊಟ್ಟಿಯಲ್ಲಿ ಭಟ್ಟಿ ಇಳಿಸಿದ ನೀರು ತುಂಬಿ ಗಾಳಿಗೆ ತೇವ ಕೊಡಬೇಕು. ಮಾಗಿಯ ಚಳಿಯಲ್ಲಿ ಆ ತೇವ ಕೊಳವೆಯಲ್ಲಿ ಹನಿಗಟ್ಟಿ ಮೂಗಿಗೆ ತೊಟ್ಟಿಕ್ಕುತ್ತದೆ; ಮಡದಿ ಹಳೆಯ ಪಂಚೆಯಿಂದ ಕೊಳವೆಗೊಂದು ಗವಸು ಹೊಲಿದುಕೊಟ್ಟಳು. ಮಳೆಗಾಲದಲ್ಲಿ ಕರೆಂಟು ಹೋದರೆ ಗಾಳಿ ನಿಂತು ಎಚ್ಚರವಾಗುತ್ತದೆ. ಅದಕ್ಕೊಂದು ಇನ್ವರ್ಟರು ಬಂತು. ಮಾತ್ರೆಯನ್ನು ನುಂಗಿ ಮರೆಯಬಹುದು. ಈ ಚಿಕಿತ್ಸೆಯನ್ನು ಮಾತ್ರ ಒಂದು ಭಾಷೆಯಂತೆ ದಿನದಿನವೂ ಕಲಿಯಬೇಕು.

ಈ ಕಷ್ಟ ನನ್ನೊಬ್ಬನದಲ್ಲ. ಅಮೆರಿಕದ ಸರ್ಕಾರಿ ವಿಮೆಯ ನಿಯಮದಲ್ಲಿ ರಾತ್ರಿಗೆ ನಾಲ್ಕು ಗಂಟೆಯಂತೆ, ಮೂವತ್ತು ದಿನಗಳಲ್ಲಿ ನೂರಕ್ಕೆ ಎಪ್ಪತ್ತು ರಾತ್ರಿ ಬಳಸಿದವನೇ ಚಿಕಿತ್ಸೆಗೆ ಒಗ್ಗಿದವನು. ಅಷ್ಟನ್ನೇ ಸಾಧನೆಯೆಂದು ಎಣಿಸಬೇಕಾದರೆ ಹಾದಿ ಎಷ್ಟು ಕಡಿದೆಂದು ವಾಚಕರೇ ಊಹಿಸಬಹುದು. ನನಗೆ ಐದು ವಾರ ಹಿಡಿಯಿತು. ಯಂತ್ರ ತಾನೇ ಬರೆದಿಡುವ ಲೆಕ್ಕದಲ್ಲಿ 38 ಇದ್ದುದು 3ಕ್ಕೆ ಇಳಿಯಿತು. ಉತ್ತರಪತ್ರಿಕೆಯ ಕಟ್ಟೊಂದು ಒಂದೇ ಬೈಠಕ್ಕಿನಲ್ಲಿ ಮುಗಿಯಿತು.

ವಿಚಿತ್ರವೆಂದರೆ, ಆ ದಿನಗಳಲ್ಲಿ ನಿದ್ರೆಗೆಟ್ಟವಳು ನನ್ನ ಮಡದಿ. ಸದ್ದಿಲ್ಲದ ಕೋಣೆ ಅವಳನ್ನು ಬೆಚ್ಚಿಸುತ್ತಿತ್ತು. ಎದ್ದು ನನ್ನ ಎದೆಯ ಮೇಲೆ ಕೈಯಿಟ್ಟು, ಏರಿಳಿತವನ್ನು ಕಂಡು ಮಲಗುತ್ತಿದ್ದಳಂತೆ. ಎಷ್ಟೋ ವರ್ಷ ಕಾವಲು ಕಾದವರಿಗೆ ಕಾವಲು ಬಿಡುವುದೂ ಒಂದು ಅಭ್ಯಾಸವೇ ಸರಿ. ಅವಳೂ ಈಗ ಬೆಳಗಿನವರೆಗೆ ಮಲಗುತ್ತಾಳೆ. ನನಗೆ ದೊರೆತ ಫಲಗಳಲ್ಲಿ ಇದನ್ನೇ ಹಿರಿದೆಂದು ಎಣಿಸುತ್ತೇನೆ.

ಯಂತ್ರ ರೋಗವನ್ನು ವಾಸಿಮಾಡಿಲ್ಲ. ಅದನ್ನು ತೊಡದ ರಾತ್ರಿ ಗಂಟಲು ಮತ್ತೆ ಕುಸಿಯುವುದು. ಸಂಜೆಯ ದೀಪದಂತೆ ಇದನ್ನು ನಿತ್ಯವೂ ಹಚ್ಚಬೇಕು. ಬಂಧುಗಳ ಮನೆಗೆ ಹೋಗುವಾಗಲೂ ಚೀಲದೊಳಗೆ ಅದು ಜೊತೆಗೆ ಬರುತ್ತದೆ; ನೋಡಿದವರು ಕೇಳುತ್ತಾರೆ, ನಾನು ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಗೊರಕೆ ಹೊಡೆಯುವ ಹಿರಿಯರಿದ್ದರೆ, ತರಗತಿಯಲ್ಲಿಯೋ ಕಚೇರಿಯಲ್ಲಿಯೋ ಸದಾ ತೂಕಡಿಸುವವರಿದ್ದರೆ, ಸೋಮಾರಿಯೆಂದು ನಗುವ ಮುನ್ನ ಒಂದು ರಾತ್ರಿ ಕಿವಿಗೊಟ್ಟು ಕೇಳಬೇಕು. ಗೊರಕೆಯನ್ನಲ್ಲ, ಅದು ನಿಲ್ಲುವ ಹೊತ್ತನ್ನು. ಅದನ್ನು ಅವರು ತಾವಾಗಿ ಕೇಳಲಾರರು. ಪಕ್ಕದಲ್ಲಿರುವವರೇ ಕೇಳಿ ಹೇಳಬೇಕು.