ಕೆಳಗೆ ಅಂಗಡಿ, ಮೇಲೆ ಸಂಸಾರ

ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ಮಳೆ ಹೇಳಿಕೇಳಿ ಬರುವುದಿಲ್ಲ. ಆದರೂ ಅಲ್ಲಿನ ಜಾರ್ಜ್‌ಟೌನ್‌ನ ಹಳೇ ಪೇಟೆಯಲ್ಲಿ ಕೊಡೆ ಇಲ್ಲದೆಯೇ ಸಾಕಷ್ಟು ದೂರ ನಡೆಯಬಹುದು. ಸಾಲು ಅಂಗಡಿಗಳ ಮೇಲಂತಸ್ತು ಬೀದಿಯತ್ತ ಮುಂದೆ ಬಂದು ಕಂಬಗಳ ಮೇಲೆ ಕೂತಿದೆ. ಅದರಡಿ ಅಂಗಡಿಯಿಂದ ಅಂಗಡಿಗೆ ಸಾಗುವ ಜಗಲಿ. ಸ್ಥಳೀಯರು ಇದನ್ನು ‘ಕಾಕಿ ಲೀಮಾ’ ಎನ್ನುತ್ತಾರೆ, ಐದಡಿ ಹಾದಿ.

ಇದರ ಮೂಲ ಸರ್ಕಾರಿ ಅಪ್ಪಣೆಯಲ್ಲಿದೆ. 1822ರಲ್ಲಿ ಸಿಂಗಪುರದ ಪಟ್ಟಣ ಯೋಜನೆ ಮಾಡಿಸುವಾಗ ಬ್ರಿಟಿಷ್ ಅಧಿಕಾರಿ ಸ್ಟ್ಯಾಮ್‌ಫರ್ಡ್ ರಾಫೆಲ್ಸ್ ಒಂದು ಷರತ್ತು ಹಾಕಿದ: ಇಟ್ಟಿಗೆ-ಹಂಚಿನ ಮನೆ ಕಟ್ಟುವವರು ಮುಂದೆ ಜಗಲಿ ಬಿಡಬೇಕು, ಅದರಲ್ಲಿ ಯಾರು ಬೇಕಾದರೂ ಓಡಾಡುವಂತಿರಬೇಕು. ಕ್ರಮೇಣ ಪೆನಾಂಗೂ ಇದನ್ನೇ ಅನುಸರಿಸಿತು. ಜಾಗ ಮಾಲೀಕನದು, ನಡೆಯುವ ಹಕ್ಕು ಊರವರದು. ಇಂಥ ಏರ್ಪಾಡು ತಂಟೆಯಿಲ್ಲದೆ ನಡೆದೀತೇ? ಜಗಲಿಗೆ ಹಬ್ಬಿದ ಸರಕನ್ನು ತೆರವು ಮಾಡಿಸಲು ಅಧಿಕಾರಿಗಳು ಹೊರಟಾಗ, 1888ರಲ್ಲಿ ಸಿಂಗಪುರದಲ್ಲಿ ಗಲಭೆಯೇ ಎದ್ದಿತ್ತು.

ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ 1786ರಲ್ಲಿ ಜಾರ್ಜ್‌ಟೌನ್ ಸ್ಥಾಪಿಸಿದ. ದಕ್ಷಿಣ ಚೀನಾದವರು, ತಮಿಳರು, ಅರಬರು, ಅರ್ಮೇನಿಯನ್ನರು ವ್ಯಾಪಾರಕ್ಕೆ ಬಂದರು. ಅಂಗಡಿಮನೆಯ ವಿನ್ಯಾಸ ಮುಖ್ಯವಾಗಿ ಚೀನಿಯರ ಕೊಡುಗೆ. ಅಕ್ಕಪಕ್ಕದ ಎರಡು ಮನೆಗೆ ಒಂದೇ ಗೋಡೆ. ಈ ಗೋಡೆಯಿಂದ ಆ ಗೋಡೆಗೆ ಮರದ ತೊಲೆ. ಸಿಗುವ ತೊಲೆ ಎಷ್ಟುದ್ದವೋ ಮನೆಯೂ ಅಷ್ಟೇ ಅಗಲ, ಸಾಮಾನ್ಯವಾಗಿ ನಾಲ್ಕರಿಂದ ಆರು ಮೀಟರ್. ಹಿಂದಕ್ಕೆ ಮಾತ್ರ ಅಂಥ ಕಟ್ಟಿಲ್ಲ. ಅಗಲದ ಹಲವು ಪಟ್ಟು ಉದ್ದಕ್ಕೆ ಕಟ್ಟಡ ಬೆಳೆಯುತ್ತದೆ.

ಪಕ್ಕದಲ್ಲಿ ಕಿಟಕಿಗೆ ಜಾಗವಿಲ್ಲದ ಇಷ್ಟುದ್ದದ ಮನೆಗೆ ಗಾಳಿ-ಬೆಳಕು ಎಲ್ಲಿಂದ? ನಮ್ಮ ತೊಟ್ಟಿಮನೆಯಲ್ಲಿ ಬಂದಂತೆ, ಆಕಾಶದಿಂದ. ನಡುವೆ ತೆರೆದ ಅಂಗಳವಿದೆ. ಬಿಸಿಗಾಳಿ ಅಲ್ಲಿಂದ ಮೇಲೇರಿ ಹೋಗುತ್ತದೆ, ಬೀದಿ ಕಡೆಯ ಗಾಳಿ ಒಳಕ್ಕೆ ಬರುತ್ತದೆ. ಸೂರಿನ ನೀರು ಒಳಗೇ ಬಿದ್ದರೆ ಸಂಪತ್ತು ಬಂದಂತೆ ಎಂಬ ನಂಬಿಕೆ ಚೀನಿಯರದು.

ಅಲಂಕಾರಕ್ಕೂ ಬರವಿಲ್ಲ. ಕಿಟಕಿಯ ಮೇಲಿನ ಗಾಳಿಗಂಡಿಗಳನ್ನು ಎಷ್ಟೋ ಕಡೆ ಬಾವಲಿಯ ಆಕಾರದಲ್ಲಿ ಕೊರೆದಿದ್ದಾರೆ. ನಮ್ಮಲ್ಲಿ ಅಪಶಕುನವೆನ್ನುವ ಬಾವಲಿ ಅಲ್ಲಿ ಅದೃಷ್ಟದ ಗುರುತು. ಬಣ್ಣದ ಪಿಂಗಾಣಿ ಬಟ್ಟಲುಗಳನ್ನು ಚೂರು ಮಾಡಿ, ಗಾರೆಯಲ್ಲಿ ಒತ್ತಿ ಹೂವು-ಹಕ್ಕಿ ಮೂಡಿಸುವ ಕಲೆಯೂ ಉಂಟು. ಇಪ್ಪತ್ತನೇ ಶತಮಾನ ಬರುವ ಹೊತ್ತಿಗೆ ಯುರೋಪಿನ ಕಂಬ-ಕಮಾನು, ಬಳ್ಳಿಯ ಗಾರೆಕೆಲಸವೂ ಸೇರಿ ಮುಖಗೋಡೆ ಮದುವೆಮನೆಯಂತಾಯಿತು. ಅದಕ್ಕಿಂತ ಜಾಣತನದ್ದು ಮಹಡಿಯ ನೆಲದಲ್ಲಿರುವ ಒಂದು ಪುಟ್ಟ ಕಿಂಡಿ. ಬಾಗಿಲು ಬಡಿದವರು ಯಾರೆಂದು ಮೇಲಿನಿಂದಲೇ ಇಣುಕಿ ನೋಡಿ, ಬೇಕಾದರೆ ಇಳಿಯಬಹುದು.

ಆದರೆ ಕಿಂಡಿಯಿಂದ ಇಣುಕಲು ಮೇಲೆ ಜನ ಇರಬೇಕಲ್ಲ! ಬಾಡಿಗೆ ನಿಯಂತ್ರಣ ಇದ್ದಷ್ಟು ಕಾಲ ಅಲ್ಪ ಬಾಡಿಗೆಗೆ ಕುಟುಂಬಗಳು ನೆಲೆಸಿದ್ದವು. ರಿಪೇರಿಗೆ ಮಾಲೀಕರು ಕೈಹಾಕುತ್ತಿರಲಿಲ್ಲ ಎನ್ನುವುದೂ ನಿಜ. ಕೆಡವಿ ಹೊಸದು ಕಟ್ಟುವ ಆತುರವೂ ಇರಲಿಲ್ಲ. 2000ದ ಆರಂಭದಲ್ಲಿ ನಿಯಂತ್ರಣ ಕೊನೆಗೊಂಡು ಬಾಡಿಗೆ ಏರಿತು, ಹಳಬರು ಗಂಟುಮೂಟೆ ಕಟ್ಟಿದರು. ಖಾಲಿ ಮಹಡಿಗಳಲ್ಲಿ ಕೆಲವಕ್ಕೆ ವಿಚಿತ್ರ ಬಾಡಿಗೆದಾರರು ಬಂದರು. ತಿನ್ನುವ ಗೂಡಿಗಾಗಿ ಸಾಕುವ ಸ್ವಿಫ್ಟ್‌ಲೆಟ್ ಹಕ್ಕಿಗಳವು. ಕಿಟಕಿ ಮುಚ್ಚಿ, ಧ್ವನಿಮುದ್ರಿತ ಕೂಗು ಹಾಕಿ ಅವನ್ನು ಕರೆಯುತ್ತಿದ್ದರು. ತೇವ, ಹಿಕ್ಕೆಗೆ ಗೋಡೆಗಳು ಹಾಳಾಗುವ ಭಯದಿಂದ ಪಾರಂಪರಿಕ ವಲಯದ ಗೂಡುಮನೆಗಳನ್ನು ತೆರವುಗೊಳಿಸಲು ಸರ್ಕಾರ 2013ರ ಕೊನೆಯ ಗಡುವು ಕೊಟ್ಟಿತು.

2008ರಲ್ಲಿ ಮಲಕ್ಕಾ ಜೊತೆ ಜಾರ್ಜ್‌ಟೌನ್ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರು ಹೆಚ್ಚಿದರು. ಅರ್ಮೇನಿಯನ್ ಬೀದಿಯ ಗೋಡೆಯೊಂದರಲ್ಲಿ ಕಲಾವಿದ ಅರ್ನೆಸ್ಟ್ ಜಕಾರೆವಿಚ್ 2012ರಲ್ಲಿ ಚಿತ್ರಿಸಿದ, ನಿಜವಾದ ಸೈಕಲ್ಲನ್ನೇ ಅಂಟಿಸಿಕೊಂಡ ಮಕ್ಕಳಿಬ್ಬರ ಮುಂದೆ ಫೋಟೊಕ್ಕೆ ಸರತಿ ನಿಲ್ಲುತ್ತಾರೆ. ಅದೇ ಬೀದಿಯ 120ನೇ ನಂಬರಿನ ಅಂಗಡಿಮನೆ 1910ರಲ್ಲಿ ಚೀನೀ ಕ್ರಾಂತಿಕಾರಿ ಸುನ್ ಯಾತ್-ಸೆನ್ ಅವರ ಸಂಘಟನೆಯ ನೆಲೆಯಾಗಿತ್ತು, ಈಗ ವಸ್ತುಸಂಗ್ರಹಾಲಯ.

ಸುತ್ತಮುತ್ತ ಕಾಫಿ ಅಂಗಡಿ, ಸಣ್ಣ ಹೋಟೆಲುಗಳು ಬಂದಿವೆ. ಸುಣ್ಣದ ಗಾರೆಯನ್ನೇ ಬಳಸಿ ಜತನದಿಂದ ದುರಸ್ತಿ ಮಾಡಿದವರಿದ್ದಾರೆ. ಇಂಥ ಕಟ್ಟಡಗಳ ಅಂಗಳಕ್ಕೆ ಗಾಜು ಹೊದಿಸಿ ಏಸಿ ಕೂರಿಸುವವರೂ ಇದ್ದಾರೆ. ಆಮೇಲೆ ಸೆಖೆ ಹೋಗಲು ಏಸಿ ಹಗಲಿಡೀ ಓಡಬೇಕು.