ಸಂಜೆಯಾದರೆ ಸೋಲುವ ಸ್ನಾಯುಗಳು

ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಯಸ್ಸು ಮೂವತ್ತರ ಆಸುಪಾಸು. ಬೆಳಿಗ್ಗೆ ಮೊದಲ ಪಿರಿಯಡ್ಡಿನಲ್ಲಿ ಗಟ್ಟಿಯಾಗಿ ಪಾಠ ಹೇಳುವ ಅವರ ದನಿ ಮಧ್ಯಾಹ್ನದ ಹೊತ್ತಿಗೆ ಮೂಗಿನಲ್ಲಿ ಮಾತನಾಡಿದಂತಾಗುತ್ತಿತ್ತು. ಸಂಜೆಗೆ ಎಡಗಣ್ಣಿನ ರೆಪ್ಪೆ ಜೋಲುತ್ತಿತ್ತು. ರಾತ್ರಿ ಊಟದಲ್ಲಿ ರೊಟ್ಟಿ ಅಗಿಯುತ್ತ ಅಗಿಯುತ್ತ ದವಡೆ ಸೋತುಹೋಗಿ, ಗದ್ದಕ್ಕೆ ಕೈ ಆನಿಸಿಕೊಂಡು ಊಟ ಮುಗಿಸುತ್ತಿದ್ದರು. ರಾತ್ರಿ ನಿದ್ದೆ ಮಾಡಿ ಬೆಳಿಗ್ಗೆ ಎದ್ದರೆ ಎಲ್ಲವೂ ಸರಿ!

‘ಬೆಳಿಗ್ಗೆ ಚೆನ್ನಾಗೇ ಇರ್ತಾಳೆ ಡಾಕ್ಟ್ರೇ, ಸಂಜೆ ಕೆಲಸದ ಹೊತ್ತಿಗೆ ಸುಸ್ತು ಶುರುವಾಗುತ್ತೆ’ ಎಂದು ಜೊತೆಗೆ ಬಂದಿದ್ದ ಅತ್ತೆ ಹೇಳಿದ ಧಾಟಿಯಲ್ಲೇ ಅವರ ಅನುಮಾನ ತಿಳಿಯುತ್ತಿತ್ತು. ಎರಡು ವರ್ಷಗಳಿಂದ ಆಕೆಗೆ ಥೈರಾಯ್ಡ್ ತೊಂದರೆ ಇತ್ತು. ಈ ಸುಸ್ತೂ ಅದರದ್ದೇ ಇರಬೇಕೆಂದು ಮೊದಲ ಭೇಟಿಯಲ್ಲಿ ನಾನೂ ಎಣಿಸಿದೆ. ಅವರು ಬಂದಿದ್ದು ಬೆಳಿಗ್ಗೆ. ಪರೀಕ್ಷೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ಎರಡನೆಯ ಸಲ ಶಾಲೆ ಮುಗಿಸಿ ಸಂಜೆ ಬಂದರು. ಕಣ್ಣು ಮಿಟುಕಿಸದೆ ಸೂರನ್ನೇ ನೋಡುತ್ತಿರಲು ಹೇಳಿದೆ. ಒಂದು ನಿಮಿಷ ಕಳೆಯುವುದರೊಳಗೆ ರೆಪ್ಪೆ ತಾನಾಗಿ ಕೆಳಗಿಳಿಯಿತು. ಅದು ನಾಟಕವಾಗಿರಲಿಲ್ಲ, ಸೋಮಾರಿತನವೂ ಆಗಿರಲಿಲ್ಲ. ಅದು ಮಯಸ್ತೇನಿಯಾ ಗ್ರೇವಿಸ್ ಎಂಬ ಅಪರೂಪದ ಕಾಯಿಲೆ.

ಏನಿದು ಕಾಯಿಲೆ?

ನಾವು ಕೈ ಎತ್ತಬೇಕೆಂದರೆ ಮೆದುಳಿನ ಆಜ್ಞೆ ನರದ ಮೂಲಕ ಸ್ನಾಯುವಿನವರೆಗೆ ಬರಬೇಕು. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು, ಸ್ನಾಯುವಿನ ಮೇಲಿರುವ ಗ್ರಾಹಕಗಳಿಗೆ ಅಂಟಿಕೊಂಡಾಗ ಸ್ನಾಯು ಸಂಕುಚಿಸುತ್ತದೆ. ರಾಸಾಯನಿಕವನ್ನು ಬೀಗದ ಕೈ ಎಂದುಕೊಂಡರೆ ಗ್ರಾಹಕವೇ ಬೀಗ.

ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಈ ಕಾಯಿಲೆಯಲ್ಲಿ ದಾರಿ ತಪ್ಪುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಅದು ತಯಾರಿಸುವ ಪ್ರತಿಕಾಯಗಳು ಈ ಗ್ರಾಹಕಗಳ ಮೇಲೇ ದಾಳಿ ಮಾಡಿ ಅವನ್ನು ಮುಚ್ಚುತ್ತವೆ ಇಲ್ಲವೇ ನಾಶಪಡಿಸುತ್ತವೆ. ಬೀಗದ ಕೈ ಇದ್ದರೂ ಬೀಗವೇ ಕಡಿಮೆ! ಸ್ನಾಯುವನ್ನು ಮತ್ತೆ ಮತ್ತೆ ಬಳಸಿದಾಗ ನರದಿಂದ ಬರುವ ರಾಸಾಯನಿಕದ ಪ್ರಮಾಣ ತುಸು ತಗ್ಗುವುದು ಸಹಜ. ಆರೋಗ್ಯವಂತರಲ್ಲಿ ಗ್ರಾಹಕಗಳು ಬೇಕಾದದ್ದಕ್ಕಿಂತ ಹೆಚ್ಚೇ ಇರುವುದರಿಂದ ಅದು ಗೊತ್ತಾಗುವುದಿಲ್ಲ. ಈ ರೋಗಿಗಳಲ್ಲಿ ಸ್ನಾಯು ಸೋತುಬಿಡುತ್ತದೆ, ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತದೆ. ಬೆಳಿಗ್ಗೆ ಸರಿ, ಸಂಜೆ ಸುಸ್ತು ಎಂಬುದರ ಗುಟ್ಟು ಇದೇ.

ಸಾಮಾನ್ಯವಾಗಿ ಮೊದಲು ತೊಂದರೆಯಾಗುವುದು ಕಣ್ಣಿಗೆ. ರೆಪ್ಪೆ ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು. ನಂತರ ಅಗಿಯಲು, ನುಂಗಲು, ಮಾತನಾಡಲು, ತಲೆ ಬಾಚಲು, ಮೆಟ್ಟಿಲು ಹತ್ತಲು ಕಷ್ಟ. ನೋವಾಗಲೀ ಜೋಮಾಗಲೀ ಇರುವುದಿಲ್ಲ. ನಲವತ್ತರೊಳಗಿನ ಹೆಂಗಸರಲ್ಲಿ ಮತ್ತು ಅರವತ್ತು ದಾಟಿದ ಗಂಡಸರಲ್ಲಿ ಹೆಚ್ಚು. ಇದು ಅಂಟುರೋಗವಲ್ಲ. ಹಿಂದಿ ಚಿತ್ರನಟ ಅಮಿತಾಭ್ ಬಚ್ಚನ್ ಅವರಲ್ಲಿ ೧೯೮೪ರಲ್ಲಿ ಇದೇ ಕಾಯಿಲೆ ಪತ್ತೆಯಾಗಿತ್ತು. ಆಮೇಲೂ ಅವರು ದಶಕಗಳ ಕಾಲ ನಟಿಸಿದ್ದನ್ನು ಎಲ್ಲರೂ ಬಲ್ಲರು.

ಗ್ರಂಥಿಗಳಿಗೇನು ಸಂಬಂಧ?

ಎದೆಯ ಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ. ರೋಗನಿರೋಧಕ ಕಣಗಳಿಗೆ ‘ಯಾರು ನಮ್ಮವರು, ಯಾರು ಹೊರಗಿನವರು’ ಎಂಬ ಪಾಠ ಇಲ್ಲಿ ನಡೆಯುತ್ತದೆ. ದೊಡ್ಡವರಾದಂತೆ ಇದು ಕುಗ್ಗಬೇಕು. ಮಯಸ್ತೇನಿಯಾ ಇರುವ ಅನೇಕರಲ್ಲಿ ಕುಗ್ಗುವ ಬದಲು ಬೆಳೆದಿರುತ್ತದೆ. ನೂರಕ್ಕೆ ಸುಮಾರು ೧೦ರಿಂದ ೧೫ ಮಂದಿಯಲ್ಲಿ ಅಲ್ಲಿ ಗಡ್ಡೆಯೇ ಇರುತ್ತದೆ.

ಇನ್ನೊಂದು ಥೈರಾಯ್ಡ್. ತನ್ನವರನ್ನೇ ಶತ್ರುವೆಂದು ತಿಳಿದ ರೋಗನಿರೋಧಕ ವ್ಯವಸ್ಥೆ ಒಂದೇ ಅಂಗಕ್ಕೆ ತೃಪ್ತವಾಗುವುದಿಲ್ಲ. ಈ ಕಾಯಿಲೆಯವರಲ್ಲಿ ನೂರಕ್ಕೆ ಸುಮಾರು ೫ರಿಂದ ೧೦ ಮಂದಿಗೆ ಥೈರಾಯ್ಡ್ ಗ್ರಂಥಿಯ ಮೇಲೂ ದಾಳಿ ನಡೆದಿರುತ್ತದೆ. ಕೆಲವರಲ್ಲಿ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತದೆ, ಕೆಲವರಲ್ಲಿ ಮಂದವಾಗುತ್ತದೆ. ಎರಡೂ ಸ್ನಾಯುಗಳ ಬಲಹೀನತೆಯನ್ನು ಹೆಚ್ಚಿಸಬಲ್ಲವು. ಅಪರೂಪಕ್ಕೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯೂ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯೂ ದಾಳಿಗೆ ತುತ್ತಾಗುವುದುಂಟು.

ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಒಂದು ಕಾಯಿಲೆಗೆ ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ ಅವರ ಹೆಸರಿದೆ. ಮಯಸ್ತೇನಿಯಾದ ಜೊತೆಗಿರುವ ‘ಗ್ರೇವಿಸ್’ ಲ್ಯಾಟಿನ್ ಪದ, ತೀವ್ರ ಎಂದು ಅರ್ಥ. ಹೆಸರು ಕೇಳಿ ಎರಡೂ ಒಂದೇ ಎಂದು ಗೊಂದಲಪಡಬಾರದು. ಗ್ರೇವ್ಸ್ ಕಾಯಿಲೆಯಲ್ಲಿ ಕಣ್ಣು ಉಬ್ಬಿ, ರೆಪ್ಪೆ ಮೇಲಕ್ಕೆ ಸರಿದು ದಿಟ್ಟಿಸಿ ನೋಡಿದಂತೆ ಕಾಣುತ್ತದೆ. ಅಂಥವರ ರೆಪ್ಪೆ ಕೆಳಗೆ ಜೋಲತೊಡಗಿದರೆ, ಮತ್ತೊಂದು ಕಾಯಿಲೆ ಜೊತೆಗೂಡಿದೆಯೇ ಎಂದು ನೋಡಲೇಬೇಕು. ನಮ್ಮ ಶಿಕ್ಷಕಿಗೆ ಆಗಿದ್ದು ಇದೇ.

ಪತ್ತೆ ಹಚ್ಚುವುದು ಹೇಗೆ?

ಜೋಲಿದ ರೆಪ್ಪೆಯ ಮೇಲೆ ಎರಡು ನಿಮಿಷ ಐಸ್ ಇಟ್ಟರೆ ಅನೇಕರಲ್ಲಿ ರೆಪ್ಪೆ ಮೇಲೇಳುತ್ತದೆ. ಇದು ವೈದ್ಯರಿಗೆ ಒಂದು ಸುಳಿವು. ರಕ್ತದಲ್ಲಿ ಪ್ರತಿಕಾಯಗಳ ಪರೀಕ್ಷೆ, ನರಕ್ಕೆ ಪದೇ ಪದೇ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ಸ್ನಾಯುವಿನ ಪ್ರತಿಕ್ರಿಯೆ ನೋಡುವ ಪರೀಕ್ಷೆ, ಎದೆಯ ಸಿ.ಟಿ. ಸ್ಕ್ಯಾನ್ ಮತ್ತು ಥೈರಾಯ್ಡ್ ಪರೀಕ್ಷೆ ಅಗತ್ಯ. ಕೆಲವರಲ್ಲಿ ಪ್ರತಿಕಾಯ ಸಿಗದಿದ್ದರೂ ಕಾಯಿಲೆ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಾಗೂ ನರರೋಗ ತಜ್ಞರಿರುವ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯಗಳಿವೆ.

ಚಿಕಿತ್ಸೆ ಇದೆ

೧೯೩೪ರಲ್ಲಿ ಇಂಗ್ಲೆಂಡಿನ ವೈದ್ಯೆ ಮೇರಿ ವಾಕರ್ ಅವರು ಈ ಕಾಯಿಲೆಯ ಲಕ್ಷಣಗಳು ಕ್ಯುರಾರೆ ಎಂಬ ವಿಷದ ಪರಿಣಾಮವನ್ನು ಹೋಲುವುದನ್ನು ಗಮನಿಸಿದರು. ಆ ವಿಷಕ್ಕೆ ಪ್ರತಿಯಾಗಿ ಕೊಡುತ್ತಿದ್ದ ಫೈಸೋಸ್ಟಿಗ್ಮಿನ್ ಚುಚ್ಚುಮದ್ದನ್ನು ರೋಗಿಗೆ ಕೊಟ್ಟಾಗ ಸ್ನಾಯುಗಳಿಗೆ ಬಲ ಮರಳಿತು. ಅದೇ ಜಾತಿಯ ಪಿರಿಡೋಸ್ಟಿಗ್ಮಿನ್ ಇಂದು ಮಾತ್ರೆಯಾಗಿ ದೊರೆಯುತ್ತದೆ. ಅದು ಅಸಿಟೈಲ್‌ಕೋಲಿನ್ ಬೇಗ ಕರಗಿಹೋಗದಂತೆ ತಡೆಯುತ್ತದೆ. ಮೂಲ ದಾಳಿಯನ್ನು ಹತ್ತಿಕ್ಕಲು ಸ್ಟೀರಾಯ್ಡ್, ಅಜಥಯೋಪ್ರಿನ್ ಮುಂತಾದ ಔಷಧಿಗಳಿವೆ. ಸ್ಟೀರಾಯ್ಡ್ ಮಾತ್ರೆಗಳನ್ನು ಗುಣವಾಯಿತೆಂದು ತಟ್ಟನೆ ನಿಲ್ಲಿಸುವುದು ಅಪಾಯಕಾರಿ.

ಥೈಮಸ್‌ನಲ್ಲಿ ಗಡ್ಡೆಯಿದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕು. ಗಡ್ಡೆಯಿಲ್ಲದ, ಪ್ರತಿಕಾಯವಿರುವ ಅನೇಕರಿಗೂ ಥೈಮಸ್ ತೆಗೆಯುವುದರಿಂದ ಲಾಭವಿದೆಯೆಂದು ೨೦೧೬ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನ ತೋರಿಸಿದೆ. ಥೈರಾಯ್ಡ್‌ಗೆ ಅದರದೇ ಚಿಕಿತ್ಸೆ ಬೇಕು. ಒಂದನ್ನು ವಾಸಿ ಮಾಡಿದರೆ ಇನ್ನೊಂದು ತಾನೇ ಹೋಗುವುದಿಲ್ಲ.

ಈ ಎಚ್ಚರ ಇರಲಿ

ಸಾಮಾನ್ಯರಿಗೆ ತೊಂದರೆ ಕೊಡದ ಕೆಲವು ಔಷಧಿಗಳು ಈ ರೋಗಿಗಳ ಸ್ನಾಯುಗಳನ್ನು ಇದ್ದಕ್ಕಿದ್ದಂತೆ ದುರ್ಬಲಗೊಳಿಸಬಲ್ಲವು. ಜೆಂಟಾಮೈಸಿನ್ ಚುಚ್ಚುಮದ್ದು, ಸಿಪ್ರೋಫ್ಲಾಕ್ಸಸಿನ್, ಅಜಿಥ್ರೋಮೈಸಿನ್, ಮಲೇರಿಯಾದ ಕ್ಲೋರೋಕ್ವಿನ್, ರಕ್ತನಾಳಕ್ಕೆ ಕೊಡುವ ಮೆಗ್ನೀಸಿಯಂ ಇವುಗಳಲ್ಲಿ ಮುಖ್ಯ. ಥೈರಾಯ್ಡ್ ಹೆಚ್ಚಾದಾಗ ಎದೆಬಡಿತ, ಕೈನಡುಕ ತಗ್ಗಿಸಲು ಕೊಡುವ ಪ್ರೊಪ್ರನಲಾಲ್ ಕೂಡ ಈ ಪಟ್ಟಿಯಲ್ಲಿದೆ. ಒಂದು ಕಾಯಿಲೆಯ ಮಾತ್ರೆ ಇನ್ನೊಂದನ್ನು ಕೆರಳಿಸುವುದು ಹೀಗೆ. ಆದ್ದರಿಂದ ನೆಗಡಿ, ಜ್ವರಕ್ಕೂ ಅಂಗಡಿಯಿಂದ ತಾವಾಗಿ ಮಾತ್ರೆ ಕೊಳ್ಳಬಾರದು. ಹಲ್ಲು ಕೀಳಿಸುವಾಗ, ಹೆರಿಗೆಯಲ್ಲಿ, ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಕಾಯಿಲೆಯ ಹೆಸರನ್ನು ವೈದ್ಯರಿಗೆ ಹೇಳಲೇಬೇಕು. ಹಾಗೆಂದು ನಡೆಯುತ್ತಿರುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಲೂಬಾರದು. ಕಾಯಿಲೆ ಮತ್ತು ಮಾತ್ರೆಗಳ ಹೆಸರು ಬರೆದ ಚೀಟಿ ಸದಾ ಜೊತೆಯಲ್ಲಿರಲಿ.

ಉಸಿರಾಟಕ್ಕೆ ಕಷ್ಟ, ಮಲಗಿದರೆ ಉಸಿರು ಕಟ್ಟುವುದು, ನೀರು ಕುಡಿದರೆ ಮೂಗಿನಿಂದ ಬರುವುದು, ಎಂಜಲು ನುಂಗಲಾಗದಿರುವುದು ಕಂಡುಬಂದರೆ ಬೆಳಗಾಗಲಿ ಎಂದು ಕಾಯದೆ ಕೃತಕ ಉಸಿರಾಟದ ವ್ಯವಸ್ಥೆಯಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಸಕಾಲದಲ್ಲಿ ತಲುಪಿದವರಲ್ಲಿ ಬಹುತೇಕರು ಚೇತರಿಸಿಕೊಳ್ಳುತ್ತಾರೆ.

ಆ ಶಿಕ್ಷಕಿ ಈಗ ಎರಡೂ ಕಾಯಿಲೆಗಳಿಗೆ ಚಿಕಿತ್ಸೆ ಪಡೆಯುತ್ತ ಶಾಲೆಗೆ ಹೋಗುತ್ತಿದ್ದಾರೆ. ಹೆಚ್ಚು ಮಾತನಾಡಬೇಕಾದ ಪಾಠಗಳನ್ನು ಬೆಳಿಗ್ಗೆಯೇ ಮುಗಿಸುತ್ತಾರೆ. ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ ನೆನಪಿಸುವುದು ಅವರ ಅತ್ತೆಯ ಕೆಲಸ. ನಿಮ್ಮ ಮನೆಯಲ್ಲೂ ಯಾರಾದರೂ ಬೆಳಿಗ್ಗೆ ಚುರುಕಾಗಿದ್ದು ಸಂಜೆಗೆ ಸೋಲುತ್ತಿದ್ದರೆ, ಬೈಯುವ ಮುನ್ನ ಅವರ ಕಣ್ಣಿನ ರೆಪ್ಪೆಯನ್ನೊಮ್ಮೆ ಗಮನಿಸಿ. ವೈದ್ಯರಲ್ಲಿಗೆ ಸಾಧ್ಯವಾದರೆ ಸಂಜೆಯ ಹೊತ್ತೇ ಕರೆದುಕೊಂಡು ಹೋಗಿ.