ಮರುಭೂಮಿಯ ಚಪ್ಪರ

ಬೇಸಗೆಯ ನಡುಹಗಲಲ್ಲಿ ತಗಡಿನ ಮಾಡಿನ ಬಸ್ ನಿಲ್ದಾಣದಲ್ಲಿ ಒಂದು ಗಳಿಗೆ ಕಾದವರಿಗೆ ಸೂರಿನ ಗುಣದೋಷಗಳನ್ನು ಬೇರೆ ಹೇಳಬೇಕಾದುದಿಲ್ಲ. ಬಿಸಿಲಿಗಂಜಿ ಒಳಗೆ ಬಂದರೆ ಕಾದ ತಗಡು ನೆತ್ತಿಯನ್ನು ಬೇಯಿಸುತ್ತದೆ. ಅದೇ ಹೊತ್ತಿನಲ್ಲಿ ಮದುವೆಯ ಮನೆಯ ಚಪ್ಪರದಡಿ ಕುಳಿತು ನೋಡಿ. ಮೇಲೆ ತೆಂಗಿನ ಗರಿ, ಸುತ್ತಲೂ ತೆರಪು, ಜೀವಕ್ಕೆ ಎಷ್ಟು ಹಿತ! ಈ ಚಪ್ಪರವನ್ನೇ ಒಂದು ವಿಮಾನ ನಿಲ್ದಾಣದ ಅಳತೆಗೆ ಹಿಗ್ಗಿಸಿದರೆ ಹೇಗಿದ್ದೀತು?

ಸೌದಿ ಅರೇಬಿಯದ ಜೆದ್ದಾ ನಗರದಲ್ಲಿ ೧೯೮೦ರ ದಶಕದ ಆರಂಭದಲ್ಲಿ ಹಾಗೆಯೇ ಮಾಡಿದರು. ಮೆಕ್ಕಾ ಯಾತ್ರಿಕರಿಗೆಂದೇ ಕಟ್ಟಿದ ನಿಲ್ದಾಣ ಅದು. ನಮ್ಮ ನಾಡಿನ ಯಾತ್ರಿಕರೂ ಎಷ್ಟೋ ಮಂದಿ ಅಲ್ಲಿ ಇಳಿದು ಬಂದಿದ್ದಾರೆ. ಹಿಂದಿರುಗುವಾಗ ೮೦,೦೦೦ ಜನ, ಕೆಲವೊಮ್ಮೆ ೩೬ ಗಂಟೆಗಳವರೆಗೂ, ಅಲ್ಲಿ ತಂಗಬೇಕಾದೀತೆಂಬುದು ಕಟ್ಟಿದವರ ಲೆಕ್ಕ. ಅವರಲ್ಲಿ ಮುದುಕರೂ ರೋಗಿಗಳೂ ಇರುತ್ತಾರೆ. ಹಜ್ ನಡೆಯುವುದು ಚಾಂದ್ರಮಾನದಂತೆ. ವರ್ಷಕ್ಕೆ ಸುಮಾರು ೧೧ ದಿನ ಹಿಂದೆ ಸರಿಯುತ್ತ ಒಮ್ಮೆ ಚಳಿಗೆ, ಒಮ್ಮೆ ೪೦ ಡಿಗ್ರಿಯನ್ನು ಮೀರುವ ಧಗೆಗೆ ಬರುತ್ತದೆ. ವರ್ಷದಲ್ಲಿ ಕೆಲವೇ ವಾರ ತುಂಬುವ ಇಷ್ಟು ದೊಡ್ಡ ಬಯಲಿಗೆ ಗೋಡೆಯೆಬ್ಬಿಸಿ ಯಂತ್ರದಿಂದ ತಂಪು ಮಾಡಹೊರಟರೆ ವಿದ್ಯುತ್ತಿನ ಖರ್ಚಿಗೆ ಮಿತಿಯುಂಟೆ?

ಆದ್ದರಿಂದ ಬಟ್ಟೆಯ ಮಾಡು! ಗಾಜಿನ ಎಳೆಗಳಿಂದ ನೇಯ್ದು ಟೆಫ್ಲಾನ್ ಲೇಪಿಸಿದ ಬಿಳಿಯ ಬಟ್ಟೆ. (ದೋಸೆ ಅಂಟದ ಕಾವಲಿಗೆ ಬಳಿಯುವುದೂ ಇದೇ ಟೆಫ್ಲಾನ್.) ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟು ಚದರ ಮೀಟರಿಗೆ ಸುಮಾರು ೨೪೦ ಕಿಲೋ ತೂಗಿದರೆ, ಈ ಬಟ್ಟೆ ಎರಡು ಕಿಲೋವನ್ನೂ ಮುಟ್ಟದು. ಬಿಸಿಲಿನ ಮುಕ್ಕಾಲು ಪಾಲನ್ನು ಅದು ಹಿಂದಕ್ಕೆಸೆಯುತ್ತದೆ. ಒಳಕ್ಕೆ ಬಿಡುವುದು ನೂರರಲ್ಲಿ ಏಳರಷ್ಟು ಮಾತ್ರ. ಅಷ್ಟರಿಂದಲೇ ಹಗಲಲ್ಲಿ ದೀಪದ ಹಂಗು ತಪ್ಪುತ್ತದೆ.

ಬಟ್ಟೆ ಗಾಳಿಗೆ ಹಾರದೆ? ಸಡಿಲವಾಗಿದ್ದರೆ ಹಾರೀತು, ಪಟಪಟನೆ ಬಡಿದು ಹರಿದೀತು. ಬಿಡಿಸಿದ ಕೊಡೆಯ ಬಟ್ಟೆ ಬಿಗಿಯಾಗಿರುವುದನ್ನು ನೋಡಿದ್ದೀರಲ್ಲ. ಇಲ್ಲಿಯೂ ಬಲವಿರುವುದು ಎಳೆತದಲ್ಲಿಯೇ. ೪೫ ಮೀಟರ್ ಎತ್ತರದ ಉಕ್ಕಿನ ಕಂಬಗಳಿಂದ ಇಳಿದ ತಂತಿಹಗ್ಗಗಳು ಪ್ರತಿ ಡೇರೆಯ ನೆತ್ತಿಯ ಬಳೆಯನ್ನು ಮೇಲಕ್ಕೆಳೆದು ಹಿಡಿದಿವೆ. ಆ ಬಳೆಯ ನಡುವು ತೆರೆದಿದೆ. ಕಾದ ಗಾಳಿ ಅದರ ಮೂಲಕ ಹೊರಟುಹೋಗಿ, ಬದಿಗಳಿಂದ ಬೇರೆ ಗಾಳಿ ಒಳಸೇರುತ್ತದೆ. ಇಂತಹ ಡೇರೆಗಳು ೨೧೦. ಕವಿದಿರುವ ನೆಲ ೧೦೫ ಎಕರೆ! ತಪಾಸಣೆಯ ಕೋಣೆಗಳಿಗೆ ಮಾತ್ರ ಯಂತ್ರದ ತಂಪು.

ಇದರ ಹಿಂದಿನ ಮುಖ್ಯ ಎಂಜಿನಿಯರು ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್. ಷಿಕಾಗೋದ ಸಿಯರ್ಸ್ ಗೋಪುರದ ರಚನೆಯೂ ಇವರದೇ. ೧೯೮೨ರಲ್ಲಿ, ಇನ್ನೂ ೫೨ರ ವಯಸ್ಸಿನಲ್ಲಿ, ಇದೇ ಜೆದ್ದಾದಲ್ಲಿ ತೀರಿಕೊಂಡರು. ಮರುವರ್ಷ ಈ ಕಟ್ಟಡಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ನಮ್ಮೂರ ಬಸ್ ನಿಲ್ದಾಣಕ್ಕೆ ಟೆಫ್ಲಾನ್ ಬೇಡ. ಮಾಡನ್ನು ಇನ್ನಷ್ಟು ಎತ್ತರಿಸಿ, ನೆತ್ತಿಯಲ್ಲಿ ಮಳೆ ಇಳಿಯದಂತೆ ಗಾಳಿಗಂಡಿ ಬಿಟ್ಟು, ತಗಡಿಗೆ ಬಿಳಿಯ ಬಣ್ಣ ಬಳಿದರೂ ಧಗೆ ಎಷ್ಟೋ ತಗ್ಗುತ್ತದೆ. ಬರಿಯ ಸುಣ್ಣವಾದರೆ ಮಳೆಗಾಲಕ್ಕೆ ತೊಳೆದುಹೋದೀತು. ಶಿವರಾತ್ರಿ ಕಳೆಯುತ್ತಲೇ ಮತ್ತೊಮ್ಮೆ ಬಳಿಯಬೇಕಾಗುತ್ತದೆ.